ಗುಂಪಿನಿಂದ ತೆಗೆದವನು ಈಗ ಕರೆಯನ್ನೇ ಎತ್ತುತ್ತಿಲ್ಲ

ಶಿಡ್ಲಘಟ್ಟದ ಹಳೇ ರೀಲರ್:

ನಾನು ಕುಡಿತ ಬಿಟ್ಟು ಒಂಬತ್ತು ವರ್ಷವಾಯಿತು. ಮೊದಲು ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಚಿಕ್ಕ ಫಿಲೇಚರ್ ಇತ್ತು, ಅದನ್ನು ಕುಡಿದೇ ಕಳೆದೆ. ಈಗ ಕುಡಿತ ಬಿಡಲು ಒದ್ದಾಡುವವರ ಮನೆಗೆ ಹೋಗಿ ಜೊತೆಯಲ್ಲಿ ಕೂರುವುದು ನನ್ನ ಕೆಲಸ. ನಾನು ವೈದ್ಯನಲ್ಲ, ಆಪ್ತಸಮಾಲೋಚಕನೂ ಅಲ್ಲ. ಅದೇ ಹಳ್ಳದಲ್ಲಿ ಬಿದ್ದು ಎದ್ದವನು, ಅಷ್ಟೇ ಅರ್ಹತೆ. ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಇಂಥ 38 ಜನ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡಿದ್ದೇವೆ. ಗುಂಪು ಶುರುವಾದ ಸಂಜೆ ಚಾರ್ಜ್ ಉಳಿದಿದ್ದ ಮೊಬೈಲ್ ನನ್ನದೊಂದೇ ಆಗಿದ್ದರಿಂದ ಅಡ್ಮಿನ್ ಪಟ್ಟವೂ ನನಗೇ ಬಂತು.

ಶುಭೋದಯದ ಹೂವಿನ ಚಿತ್ರಗಳನ್ನು ಅಳಿಸುವುದು ಕಷ್ಟವಲ್ಲ. ಕಷ್ಟವೆಂದರೆ ಧ್ವನಿ ಸಂದೇಶ. ನಮ್ಮಲ್ಲಿ ಅರ್ಧ ಜನಕ್ಕೆ ಟೈಪ್ ಮಾಡುವ ಅಭ್ಯಾಸವಿಲ್ಲ. ಬಾಗೇಪಲ್ಲಿ ಕಡೆಯವರು ನಾಲ್ಕು ನಿಮಿಷ ತೆಲುಗಿನಲ್ಲಿ ಮಾತನಾಡಿ ಕಳುಹಿಸುತ್ತಾರೆ. ಬರಹವಾದರೆ ಕಣ್ಣಾಡಿಸಬಹುದು, ಇದನ್ನು ಪೂರ್ತಿ ಕೇಳಲೇಬೇಕು. ಹಸುವಿಗೆ ಹುಲ್ಲು ಹಾಕುತ್ತಾ ಕೇಳುತ್ತೇನೆ. ನನ್ನ ತೆಲುಗು ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಮಾತ್ರ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಚಿಂತಾಮಣಿ ಕಡೆಯ ಒಬ್ಬ ಸದಸ್ಯ ತಾನು ನೋಡಿಕೊಳ್ಳುತ್ತಿದ್ದವರ ಚಿತ್ರ ಹಾಕಿದ. ಅವರು ಅರಳಿಕಟ್ಟೆಯ ಮೇಲೆ ಮಲಗಿದ್ದಾರೆ, ಮುಖ ಅರ್ಧ ಕಾಣುತ್ತದೆ, ಹಿಂದೆ ಅಂಗಡಿಯ ಫಲಕ. ‘ಆರನೇ ಸಲ ಬಿದ್ದಿದ್ದಾರೆ, ನನಗೆ ದಿಕ್ಕು ತೋಚುತ್ತಿಲ್ಲ’ ಎಂದು ಕೆಳಗೆ ಬರೆದಿದ್ದ. ಎರಡೇ ನಿಮಿಷದಲ್ಲಿ ಇನ್ನೊಬ್ಬರು ‘ಇವರು ನಮ್ಮ ಅತ್ತೆಯ ಊರಿನವರಲ್ಲವೇ?’ ಎಂದು ಕೇಳಿಬಿಟ್ಟರು. ರಾತ್ರಿ ಹನ್ನೊಂದು ಗಂಟೆ, ನನಗೆ ಸಿಟ್ಟು ನೆತ್ತಿಗೇರಿತು. ಚಿತ್ರವನ್ನೂ ತೆಗೆದೆ, ಅವನನ್ನೂ ತೆಗೆದೆ.

ಅವನು ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಹತ್ತೊಂಬತ್ತು ದಿನದಿಂದ ನನ್ನ ಕರೆ ಎತ್ತುತ್ತಿಲ್ಲ. ಮಾಡಿದರೆ ಅವನ ಹೆಂಡತಿ ಎತ್ತಿ ‘ತೋಟಕ್ಕೆ ಹೋಗಿದ್ದಾರೆ’ ಎನ್ನುತ್ತಾರೆ, ರಾತ್ರಿ ಒಂಬತ್ತಕ್ಕೂ ಅದೇ ಉತ್ತರ. ಗುಂಪು ನಡೆಸುವವರು ಇಂಥ ಹೊತ್ತಿನಲ್ಲಿ ಏನು ಮಾಡುತ್ತೀರಿ?

ಮುಳಬಾಗಿಲಿನ ನಿವೃತ್ತ ನರ್ಸ್:

ಅಣ್ಣ, ಚಿತ್ರ ತೆಗೆದದ್ದರ ಬಗ್ಗೆ ನನ್ನದು ಎರಡನೇ ಮಾತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯನ್ನು ರೋಗಿಯ ಹಕ್ಕು ಎಂದೇ ಹೇಳುತ್ತದೆ. ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಯೂ ಆ ಕಾಯ್ದೆಯ ವ್ಯಾಖ್ಯೆಯೊಳಗೇ ಇದೆ. ಅದು ಆಸ್ಪತ್ರೆಯವರಿಗೆ ಬರೆದದ್ದು, ನಮಗಲ್ಲ ಎಂದು ಕೆಲವರು ವಾದಿಸುತ್ತಾರೆ. ಊರಿನಲ್ಲಿ ಮಾನ ಹೋದವನಿಗೆ ಆ ವಾದದಿಂದ ಏನೂ ಸಿಗುವುದಿಲ್ಲ.

ಹೆಸರು ಮರೆಸಿದರೆ ಸಾಕು ಎಂದು ನಿಮ್ಮವರೂ ತಿಳಿದಿರಬಹುದು. ಐವತ್ತು ಮನೆಯ ಊರಿನಲ್ಲಿ ‘ಟೊಮೆಟೊ ಮಂಡಿಗೆ ಟೆಂಪೊ ಓಡಿಸುವವರು’ ಎಂದರೆ ಆಧಾರ್ ಸಂಖ್ಯೆ ಕೊಟ್ಟ ಹಾಗೆಯೇ. ನಾನಿರುವ ಗುಂಪಿನಲ್ಲಿ ಊರು, ಕಸುಬು, ನೆಂಟಸ್ತಿಕೆ ಮೂರನ್ನೂ ಬರೆಯುವಂತಿಲ್ಲ. ‘ಅವರು ಹೀಗೆ ಮಾಡಿದರು’ ಎಂದು ಶುರುಮಾಡದೆ ‘ನನಗೆ ಹೀಗಾಗುತ್ತಿದೆ’ ಎಂದು ಶುರುಮಾಡಬೇಕು. ನಿಮ್ಮ ಹುಡುಗನೂ ಕೇಳಿದ್ದು ಅದನ್ನೇ ತಾನೇ? ದಿಕ್ಕು ತೋಚುತ್ತಿಲ್ಲ ಎಂದ. ಆ ಮಾತಿಗೆ ಗುಂಪಿನಲ್ಲಿ ಯಾರೂ ಉತ್ತರ ಕೊಟ್ಟ ಹಾಗೆ ಕಾಣಲಿಲ್ಲ.

ನನಗೆ ಮನೆಮಾತೇ ತೆಲುಗು. ಆ ಸಂದೇಶಗಳನ್ನು ಕೇಳಲು ಯಾರಾದರೂ ಬೇಕಿದ್ದರೆ ಹೇಳಿ.

ಮಧುಗಿರಿಯವನು:

ನಾನಾಗಿದ್ದರೂ ತೆಗೆಯುತ್ತಿದ್ದೆ. ಮೆದುವಾಗಿದ್ದು ಪೆಟ್ಟು ತಿಂದವನು ನಾನು. ನಮ್ಮ ಗುಂಪಿನಲ್ಲಿ ಒಬ್ಬರು ‘ಕುಡುಕನಿಗೆ ಗೊತ್ತಾಗದಂತೆ ಕುಡಿತ ಬಿಡಿಸುವ ಪುಡಿ’ ಎಂಬ ಜಾಹೀರಾತು ಹಾಕಿದರು. ಹಿರಿಯರು ಎಂದು ಸುಮ್ಮನಿದ್ದೆ. ಒಬ್ಬ ಹೆಂಗಸು ಆ ಪುಡಿಯನ್ನು ತರಿಸಿ ಗಂಡನ ಸಾರಿಗೆ ಬೆರೆಸಿದರು. ಆತ ಸಂಜೆ ಕುಡಿದು ಬಂದ ಮೇಲೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳಲು ಶುರುವಾಗಿ ಆಸ್ಪತ್ರೆ ಸೇರಿದ. ಪುಡಿಯಲ್ಲಿ ಏನಿತ್ತೆಂದು ಕೊನೆಗೂ ತಿಳಿಯಲಿಲ್ಲ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯ ಮೇಲೆ ಮದ್ಯ ಬಿದ್ದರೆ ಹೀಗೇ ಆಗುತ್ತದೆ, ಅದಕ್ಕೇ ಅದನ್ನು ರೋಗಿಗೆ ತಿಳಿಸದೆ ಕೊಡಬಾರದು ಎಂದು ವೈದ್ಯರು ವಿವರಿಸಿದರು. ‘ಗಂಡಸಾಗಿದ್ದರೆ ಇವತ್ತೇ ನಿಲ್ಲಿಸು’ ಎಂಬ ಬೋಧನೆಯೂ ಅಷ್ಟೇ ಕೆಟ್ಟದ್ದು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಬುದ್ಧಿಭ್ರಮಣೆಯಾಗಬಹುದು, ಜೀವವೂ ಹೋಗಬಹುದು. ಔಷಧದ ಸಲಹೆ ಕಂಡರೆ ಈಗ ನಾನು ಯಾರ ಮುಖವನ್ನೂ ನೋಡದೆ ಅಳಿಸುತ್ತೇನೆ.

ಒಂದು ವಿಷಯ ಮಾತ್ರ ಬದಲಾಯಿಸಿಕೊಂಡಿದ್ದೇನೆ. ನಾವು ಮೂವರು ಅಡ್ಮಿನ್‌ಗಳು. ರಾತ್ರಿ ಹತ್ತರ ಮೇಲೆ ಸಂದೇಶ ಅಳಿಸಬಹುದು, ಮನುಷ್ಯರನ್ನು ತೆಗೆಯುವಂತಿಲ್ಲ. ಅದು ಬೆಳಿಗ್ಗೆಯ ಕೆಲಸ, ಇನ್ನೊಬ್ಬ ಅಡ್ಮಿನ್ ಒಪ್ಪಬೇಕು, ಮೊದಲು ಆ ವ್ಯಕ್ತಿಗೆ ಕರೆ ಮಾಡಿರಬೇಕು. ಹತ್ತರಿಂದ ಆರರವರೆಗೆ ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗೆ ಗುಂಪನ್ನು ಮುಚ್ಚುತ್ತೇವೆ. ಹಾಗೆ ಮುಚ್ಚಿದರೆ ರಾತ್ರಿ ಎರಡಕ್ಕೆ ಕುಡಿಯಬೇಕೆನಿಸಿದವನು ಎಲ್ಲಿ ಹೇಳಿಕೊಳ್ಳಬೇಕು ಎಂದು ಜಗಳವಾಯಿತು, ನ್ಯಾಯವಾದ ಜಗಳ. ಅದಕ್ಕೆ ಇಬ್ಬಿಬ್ಬರನ್ನು ಜೋಡಿ ಮಾಡಿದ್ದೇವೆ, ಜೋಡಿಯವರ ಕರೆಯನ್ನು ಎಷ್ಟು ಹೊತ್ತಿಗೂ ಎತ್ತಬೇಕು. ಗುಂಪಿನ ವಿವರಣೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಾಕಿದ್ದೇವೆ. ಅದು ಇಡೀ ದಿನ ಇರುತ್ತದೆ, ಕನ್ನಡದಲ್ಲೂ ಮಾತನಾಡುತ್ತಾರೆ.

ಗೌರಿಬಿದನೂರಿನಿಂದ:

1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಇಬ್ಬರು ಕುಡುಕರು ಎದುರುಬದುರು ಕೂತು ಮಾತನಾಡಿದ್ದರಿಂದ ಕುಡಿತ ಬಿಡಲು ಒಬ್ಬರಿಗೊಬ್ಬರು ಆಸರೆಯಾಗುವವರ ಕೂಟ ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಬಸ್ಸಿಗೇನು ಬರವೇ? ಹೋಗಿ ಬನ್ನಿ.

ಶಿಡ್ಲಘಟ್ಟದ ಹಳೇ ರೀಲರ್:

ಶನಿವಾರ ಹೋಗಿದ್ದೆ. ನಿಜವಾಗಿಯೂ ತೋಟದಲ್ಲೇ ಇದ್ದ, ಹನಿ ನೀರಾವರಿಯ ಪೈಪು ಬಿಚ್ಚುತ್ತಿದ್ದ. ಕುಡಿದಿರಲಿಲ್ಲ. ಹತ್ತಿರ ಹೋದ ಕೂಡಲೇ ವಾಸನೆ ನೋಡಿದೆ, ಅದು ಅವನಿಗೂ ಗೊತ್ತಾಯಿತು. ಬಹಳ ಹೊತ್ತು ಮಾತಿಲ್ಲ. ಆಮೇಲೆ ‘ಅಣ್ಣ, ನಿಮ್ಮನ್ನು ತೆಗೆದುಹಾಕಲಾಗಿದೆ ಎಂದು ಮೊಬೈಲ್ ಹೇಳಿತು, ನೀವು ಹೇಳಲಿಲ್ಲ’ ಎಂದ.

ಚಿತ್ರದಲ್ಲಿದ್ದವರ ಮನೆಗೆ ಮಾರನೆಯ ದಿನವೇ ಹೋಗಿ ತಪ್ಪು ಒಪ್ಪಿಕೊಂಡಿದ್ದನಂತೆ. ಅವರು ಬೈದು, ಕಾಫಿ ಕೊಟ್ಟು ಕಳುಹಿಸಿದರಂತೆ. ಗುಂಪಿಗೆ ಬಾ ಎಂದೆ. ಟೊಮೆಟೊ ಕೊಯ್ಲು ಮುಗಿಯಲಿ, ನೋಡೋಣ ಎಂದ. ನಾನು ಒತ್ತಾಯಿಸಲಿಲ್ಲ. ಅವನ ಜೋಡಿ ಯಾರು ಎಂದರೆ ನಾನೇ ಎಂದು ಮಾತ್ರ ಹೇಳಿ ಬಂದಿದ್ದೇನೆ.

ಮಧುಗಿರಿಯವರ ರಾತ್ರಿ ಹತ್ತರ ನಿಯಮವನ್ನು ಹಾಗೆಯೇ ಎತ್ತಿಕೊಂಡಿದ್ದೇನೆ. ಮುಳಬಾಗಿಲಿನ ಅಕ್ಕ, ಮಂಗಳವಾರ, ಬುಧವಾರದ ಪಾಳಿ ನಿಮ್ಮ ಹೆಸರಿಗೆ ಹಾಕಿದ್ದೇನೆ. ತೆಲುಗಿನ ನಾಲ್ಕು ನಿಮಿಷದವು ಆ ಎರಡು ದಿನವೇ ಜಾಸ್ತಿ.