ಗ್ರಂಥಪಾಲಕರಿಲ್ಲದ ಶಾಲೆ, ಬೀರುವಿನಲ್ಲಿ 640 ಪುಸ್ತಕ: ಮಕ್ಕಳ ಕೈಗೆ ತಲುಪಿಸುವುದು ಹೇಗೆ?

ಪ್ರಶ್ನೆ: ಹಿ.ಪ್ರಾ. ಶಿಕ್ಷಕಿ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, 1ರಿಂದ 7ನೇ ತರಗತಿ, 118 ಮಕ್ಕಳು, ನಾಲ್ವರು ಶಿಕ್ಷಕರು. ಪುಸ್ತಕಗಳೆಲ್ಲ ಮುಖ್ಯ ಶಿಕ್ಷಕರ ಕೊಠಡಿಯ ಎರಡು ಬೀರುಗಳಲ್ಲಿವೆ. ಪ್ರತಿ ತರಗತಿಗೂ ವಾರಕ್ಕೊಂದು 40 ನಿಮಿಷದ ಗ್ರಂಥಾಲಯ ಅವಧಿ ಸಿಕ್ಕಿದೆ. ತೊಡಕು ಮೂರು. ಹೆಸರು ಬರೆದು ಪುಸ್ತಕ ಕೊಡುವಷ್ಟರಲ್ಲಿ ಬೆಲ್ ಹೊಡೆಯುತ್ತದೆ. 4, 5ನೇ ತರಗತಿಯವರು ಚಿತ್ರ ನೋಡಿ ವಾಪಸ್ ಇಡುತ್ತಾರೆ, ಓದುವುದಿಲ್ಲ. ಕಳೆದರೆ ದುಡ್ಡು ಕಟ್ಟುವವರು ಯಾರು ಎಂಬ ಹೆದರಿಕೆಯಿಂದ ಮನೆಗೆ ಕೊಡಲು ಯಾರೂ ಒಪ್ಪುತ್ತಿಲ್ಲ.

ಉತ್ತರ 1: ಒತ್ತಕ್ಷರ

ಎರಡನೆಯ ತೊಡಕಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಸರಿಹೋಗದೆ ಉಳಿದದ್ದು ಮಾಡಿ ಫಲವಿಲ್ಲ. ಚಿತ್ರ ನೋಡಿ ಇಡುವ ಮಗುವಿಗೆ ಆಸಕ್ತಿ ಇಲ್ಲವೆಂದಲ್ಲ, ಆ ಪುಟ ಓದಲು ಬರುತ್ತಿಲ್ಲ. ಪುಸ್ತಕದ ಹಿಂದಿನ ರಟ್ಟಿಗೆ ಅಚ್ಚಾದ 'ಹಂತ 1', 'ಹಂತ 2' ನಂಬಿ ಕೂರಬೇಡಿ. ಬೇರೆ ಭಾಷೆಯಿಂದ ಬಂದ ಅನುವಾದವಾದರೆ ಆ ಹಂತ ಮೂಲ ಭಾಷೆಗೆ ಹೊಂದುವುದು. ಕನ್ನಡದಲ್ಲಿ ಅದೇ ಪುಟದಲ್ಲಿ ನಾಲ್ಕು ಒತ್ತಕ್ಷರ ಬಂದು ಕೂತಿರುತ್ತವೆ.

ನೀವೇ ನಾಲ್ಕು ಗುಂಪು ಮಾಡಿ. ಹಸಿರು: ಪುಟಕ್ಕೆ ಒಂದೆರಡು ಸಾಲು, ಒತ್ತಕ್ಷರ ಇಲ್ಲ ಅಥವಾ ಅಪರೂಪ. ಕೆಂಪು: ಅಜ್ಜಿ, ಬೆಕ್ಕು, ಹಳ್ಳಿಯಂಥ ಸಜಾತೀಯ ಒತ್ತು (ಅಕ್ಷರಕ್ಕೆ ಅದೇ ಅಕ್ಷರದ ಒತ್ತು), ಪುಟಕ್ಕೆ ಮೂರ್ನಾಲ್ಕು ಸಾಲು. ನೀಲಿ: ಪುಸ್ತಕ, ಚಂದ್ರ, ಸೂರ್ಯದಂಥ ವಿಜಾತೀಯ ಒತ್ತು (ಬೇರೆ ಅಕ್ಷರದ ಒತ್ತು), ಪುಟಕ್ಕೊಂದು ಪ್ಯಾರಾ. ಹಳದಿ: ಚಿತ್ರದ ಆಸರೆಯಿಲ್ಲದ, ಅಧ್ಯಾಯಗಳಿರುವ ಪುಸ್ತಕ. ತೆಳು ಪುಸ್ತಕಕ್ಕೆ ಬೆನ್ನೇ ಇರುವುದಿಲ್ಲ, ಆದ್ದರಿಂದ ಚುಕ್ಕೆ ಸ್ಟಿಕ್ಕರನ್ನು ಮುಖಪುಟದ ಕೆಳಗಿನ ಎಡಮೂಲೆಗೆ ಅಂಟಿಸಿ, ಮೇಲೆ ಪಾರದರ್ಶಕ ಟೇಪು ಹಾಕಿ. ಬರೀ ಸ್ಟಿಕ್ಕರನ್ನು ಮಕ್ಕಳು ಉಗುರಿನಲ್ಲಿ ಕಿತ್ತುಬಿಡುತ್ತಾರೆ.

ಮಗು ಯಾವ ಬಣ್ಣಕ್ಕೆ? ಪುಸ್ತಕದ ನಡುವಿನ ಒಂದು ಪುಟ ಜೋರಾಗಿ ಓದಿಸಿ. ಮೂವತ್ತು ನಲವತ್ತು ಪದಗಳ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಕಡೆ ತಡವರಿಸಿದರೆ ಒಂದು ಬಣ್ಣ ಕೆಳಗೆ. 5ನೇ ತರಗತಿಯ ಹುಡುಗ ಹಸಿರಿಗೆ ಬಂದರೆ ಉಳಿದವರು ನಗುತ್ತಾರೆ, ಅದಕ್ಕೇ ಬಣ್ಣದ ಅರ್ಥವನ್ನು ಗೋಡೆಗೆ ಬರೆದು ತೂಗುಹಾಕಬೇಡಿ.

ಉತ್ತರ 2: ನಲವತ್ತು ನಿಮಿಷ

ಮೇಡಂ, ಸಮಯ ತಿನ್ನುತ್ತಿರುವುದು ನಿಮ್ಮ ರಿಜಿಸ್ಟರು. ಪುಸ್ತಕದ ಹೆಸರು, ಲೇಖಕರ ಹೆಸರು, ಮಗುವಿನ ಹೆಸರು, ದಿನಾಂಕ ಎಲ್ಲ ಬರೆದರೆ ಒಬ್ಬರಿಗೆ ಒಂದು ನಿಮಿಷ. ಅದರ ಬದಲು ಪ್ರತಿ ಪುಸ್ತಕದ ಹಿಂದಿನ ರಟ್ಟಿಗೆ ಕಾಗದದ ಜೇಬು ಅಂಟಿಸಿ, ಒಳಗೆ ಆ ಪುಸ್ತಕದ ನಂಬರಿರುವ ಚೀಟಿ ಇಡಿ. ಮಗು ಚೀಟಿಯಲ್ಲಿ ತನ್ನ ಹಾಜರಿ ಸಂಖ್ಯೆ, ತಾರೀಕು ಬರೆದು ತರಗತಿಯ ಡಬ್ಬಿಗೆ ಹಾಕಿ ಪುಸ್ತಕ ಒಯ್ಯಬೇಕು. ಡಬ್ಬಿಯಲ್ಲಿ ಚೀಟಿ ಇದ್ದರೆ ಪುಸ್ತಕ ಹೊರಗಿದೆ ಎಂದರ್ಥ. 6, 7ನೇ ತರಗತಿಯ ಇಬ್ಬರು ಇದನ್ನು ನೋಡಿಕೊಳ್ಳಬಲ್ಲರು. ತಿಂಗಳಿಗೊಮ್ಮೆ ಜೋಡಿ ಬದಲಿಸಿ, ಇಲ್ಲದಿದ್ದರೆ ಅವರದೇ ದರಬಾರು.

ಅವಧಿಯ ಹಂಚಿಕೆ: ವಾಪಸಾತಿ 6 ನಿಮಿಷ, ನೀವು ಗಟ್ಟಿಯಾಗಿ ಓದುವುದು 10, ಆಯ್ಕೆ ಮತ್ತು ಚೀಟಿ 9, ಮಕ್ಕಳ ಓದು 15. ಸಮಯ ಸಾಲದೆ ಹೋದರೆ ಕಡೆಯ ಹದಿನೈದನ್ನು ಕತ್ತರಿಸಬೇಡಿ; ಎಲ್ಲರೂ ಮೊದಲು ಕೈಹಾಕುವುದು ಅಲ್ಲಿಗೇ.

ಬೀರುವಿನಿಂದ ಹೊರಗೆ ತರಲು ಹಗ್ಗ ಸಾಕು. ನೆಲದಿಂದ ಮೂರಡಿ ಎತ್ತರಕ್ಕೆ, ಹತ್ತಡಿ ಉದ್ದ ಬಿಗಿದರೆ ಕ್ಲಿಪ್ಪಿನಲ್ಲಿ ಹದಿಮೂರು ತೆಳು ಪುಸ್ತಕ ಮುಖಪುಟ ಕಾಣುವಂತೆ ನೇತಾಡುತ್ತವೆ. ದಪ್ಪ ಪುಸ್ತಕ ನೇತುಹಾಕಿದರೆ ರಟ್ಟು ಕಿತ್ತುಬರುತ್ತದೆ. ನೈಲಾನ್ ಹಗ್ಗ ಭಾರಕ್ಕೆ ಜೋಲುತ್ತದೆ, ಬಟ್ಟೆ ಒಣಗಿಸುವ ಪ್ಲಾಸ್ಟಿಕ್ ಹೊದಿಕೆಯ ತಂತಿ ಮೇಲು.

ಉತ್ತರ 3: ದಾಸ್ತಾನು ವಹಿ

ಪುಸ್ತಕ ಬೀರುವಿನಲ್ಲೇ ಉಳಿಯಲು ನಿಜವಾದ ಕಾರಣ ನೀವು ಹೇಳಿದ ಮೂರನೆಯ ತೊಡಕು. ಮುಖ್ಯ ಶಿಕ್ಷಕರು ಚಾರ್ಜ್ ಒಪ್ಪಿಸುವ ದಿನ ಲೆಕ್ಕ ಕೂಡಬೇಕಲ್ಲ!

ದಾಸ್ತಾನು ವಹಿಯಲ್ಲಿ (ಸ್ಟಾಕ್ ರಿಜಿಸ್ಟರು) ಶೀರ್ಷಿಕೆಗೊಂದು ನಂಬರಲ್ಲ, ಪ್ರತಿಗೊಂದು ನಂಬರು ಕೊಡಿ. ಒಂದೇ ಪುಸ್ತಕದ ಐದು ಪ್ರತಿಗೆ ಒಂದೇ ಸಂಖ್ಯೆ ಬರೆದ ಕಡೆಯೇ ಲೆಕ್ಕ ತಪ್ಪುವುದು. ಶಾಲೆಯ ಮೊಹರು ಶೀರ್ಷಿಕೆ ಪುಟಕ್ಕೂ, ಒಳಗೆ ಗೊತ್ತುಮಾಡಿದ ಒಂದು ಪುಟಕ್ಕೂ ಇರಲಿ. 16 ಪುಟದ ಪುಸ್ತಕವೂ ಇರುವುದರಿಂದ 11ನೇ ಪುಟ ಅನುಕೂಲ. ಬಾಲ್‌ಪೆನ್ನಲ್ಲೇ ಬರೆಯಿರಿ, ಜೆಲ್ ಶಾಯಿ ಥಂಡಿಗೆ ಹರಡುತ್ತದೆ.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 215ನೇ ನಿಯಮದ ಪ್ರಕಾರ, ವರ್ಷದಲ್ಲಿ ಎರವಲು ಹೋದ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ. ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇರಬಾರದು ಅಷ್ಟೆ. ಸಾವಿರ ರೂಪಾಯಿ ಮೀರಿದ ಪುಸ್ತಕ ಅಥವಾ ಬೆಲೆ ಎಷ್ಟೇ ಇದ್ದರೂ ಅಪರೂಪದ ಪುಸ್ತಕ ಕಳೆದರೆ ವಿಚಾರಣೆ ಕಡ್ಡಾಯ. ಇದು ಕೇಂದ್ರದ ಸಂಸ್ಥೆಗಳಿಗೆ ಹೇಳಿದ್ದು, ನಿಮ್ಮ ಶಾಲೆಗೆ ನೇರವಾಗಿ ಅನ್ವಯಿಸದು. ಆದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮಾದರಿಯಾಗಿ ಮುಂದಿಡಬಹುದು. ಲೆಕ್ಕ ಹಾಕಿ: 118 ಮಕ್ಕಳು, ವಾರಕ್ಕೊಂದು ಪುಸ್ತಕ, 30 ವಾರ, ಅಂದರೆ 3,540 ಎರವಲು. ಆ ಅಳತೆಯಲ್ಲಿ ಹದಿನೇಳು ಪುಸ್ತಕ. ಪುಸ್ತಕ ಕೊಡುವ ಮುನ್ನವೇ ಠರಾವು ಬರೆಸಿ, ಮಾರ್ಚ್‌ನಲ್ಲಿ ಎಣಿಸಿ, ಕಳೆದದ್ದನ್ನೂ ಹರಿದದ್ದನ್ನೂ ಬೇರೆ ಬೇರೆ ಪಟ್ಟಿ ಮಾಡಿ ಸಹಿ ಪಡೆಯಿರಿ. ಇಲಾಖೆಯ ಒಪ್ಪಿಗೆ ಬೇಕೇ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಒಮ್ಮೆ ಕೇಳಿ.

ಹಿ.ಪ್ರಾ. ಶಿಕ್ಷಕಿ

ಚೀಟಿ ಪದ್ಧತಿ ಮಾಡಬಲ್ಲೆವು. ಓದಿದ ಮೇಲೆ ಸಾರಾಂಶ ಬರೆಸೋಣವೇ? ಪಾಠಕ್ಕೂ ಇದಕ್ಕೂ ನಂಟು ಕಾಣಬೇಕು ಎನ್ನುತ್ತಾರೆ.

ಉತ್ತರ 4: ಕ ಒಳಗಿನ ಕ್ಷ

ಸಾರಾಂಶ ಬೇಡವೇ ಬೇಡ. ಮುಂದಿನ ವಾರದಿಂದ ಎಲ್ಲರೂ ಅತಿ ತೆಳ್ಳಗಿನ ಪುಸ್ತಕವನ್ನೇ ಹುಡುಕುತ್ತಾರೆ. ವಾಪಸ್ ಕೊಡುವಾಗ ಒಂದೇ ಪ್ರಶ್ನೆ ಬಾಯಲ್ಲಿ ಕೇಳಿ: 'ಇದನ್ನು ಯಾರಿಗೆ ಕೊಡಲಿ, ಯಾಕೆ?'

ಪಾಠದ ನಂಟು ಹುಡುಕುವ ಕೆಲಸದಲ್ಲಿದೆ. 6ನೇ ತರಗತಿಗೆ ಒಂದು ನಿಘಂಟು, ಐದು ಪದ ಕೊಡಿ. 'ಕ್ಷಮೆ'ಯನ್ನು ವರ್ಣಮಾಲೆಯ ಕೊನೆಯಲ್ಲಿ ಹುಡುಕುತ್ತಾರೆ. ಅದಿರುವುದು 'ಕ' ಅಡಿಯಲ್ಲಿ, 'ಜ್ಞಾನ' ಇರುವುದು 'ಜ' ಅಡಿಯಲ್ಲಿ. ಆಮೇಲೆ ಪರಿವಿಡಿ ನೋಡಿ ಪುಟ ತೆಗೆಯುವುದು, ಒಂದೇ ವಿಷಯವನ್ನು ಎರಡು ಪುಸ್ತಕದಲ್ಲಿ ಓದಿ ವ್ಯತ್ಯಾಸ ಹೇಳುವುದು. ಪಠ್ಯಪುಸ್ತಕ ಒಂದೇ ಇದ್ದಾಗ ಈ ಕೊನೆಯದನ್ನು ಕಲಿಸಲು ದಾರಿಯೇ ಇಲ್ಲ.

ಪುಸ್ತಕ ಸಾಲದಾದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಇಡೀ ತರಗತಿಯನ್ನು ಒಟ್ಟಿಗೆ ಸೇರಿಸಿ.