ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ನಿಜವಾಗಿ ಎಷ್ಟು ಗಂಟೆ?

ಪ್ರಶ್ನೆ: ಸರ್, ಜೂನ್‌ನಲ್ಲಿ ಅಮ್ಮ ಒಬ್ಬರೇ ತಂಗಿಯ ಮನೆಗೆ ಹೊರಟಿದ್ದಾರೆ. ದೂರ ಸುಮಾರು 14,000 ಕಿ.ಮೀ. ಅಂತ ನೋಡಿದೆ. ಗಂಟೆಗೆ 900 ಕಿ.ಮೀ. ಅಂದ್ರೆ ಹದಿನೈದೂವರೆ ಗಂಟೆ ಸಾಕು. ಫ್ರಾಂಕ್‌ಫರ್ಟ್ ಮೂಲಕ ಹೋಗುವ ಟಿಕೆಟ್‌ನಲ್ಲಿ 24 ಗಂಟೆ ಅಂತಿದೆ. ಅದೇ ಟಿಕೆಟ್‌ನಲ್ಲಿ ಹೊರಡೋದು ಬೆಳಗಿನ ಜಾವ 3ಕ್ಕೆ, ತಲುಪೋದು ಅದೇ ದಿನ ಮಧ್ಯಾಹ್ನ 2.30ಕ್ಕೆ! ಯಾವುದನ್ನು ನಂಬಲಿ?

ಉತ್ತರ (ಫ್ಲೈಟ್ ಡಿಸ್ಪ್ಯಾಚರ್, ಅಂದ್ರೆ ವಿಮಾನದ ದಾರಿಯನ್ನು ನೆಲದಿಂದಲೇ ಯೋಜಿಸುವವರು): 24 ಗಂಟೆಯನ್ನೇ ನಂಬಿ ಮೇಡಂ. ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ಸಮಯ ಇರುತ್ತದೆ. ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಟಿಕೆಟ್‌ನಲ್ಲಿ ಕಾಣುವ ಹನ್ನೊಂದೂವರೆ ಗಂಟೆಗೆ ಅದನ್ನು ಸೇರಿಸಿ, 24 ಆಗುತ್ತದೆ. ಚಳಿಗಾಲದಲ್ಲಿ ಹದಿಮೂರೂವರೆ.

14,000 ಅನ್ನೋದು ನೇರ ದೂರ. ಒಂದು ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಎಳೆದು ಹಿಡಿಯಿರಿ, ಅದು ಉತ್ತರ ಧ್ರುವದ ಹತ್ತಿರವೇ ಹೋಗುತ್ತದೆ. ಫ್ರಾಂಕ್‌ಫರ್ಟ್‌ಗೆ ಹೋದರೆ ಮೊದಲು 7,400, ಆಮೇಲೆ 9,150 ಕಿ.ಮೀ. ಹಾರಾಟವೇ ಇಪ್ಪತ್ತೊಂದೂವರೆ ಗಂಟೆ ಆಗುತ್ತದೆ, ಮೇಲೆ ಎರಡೂವರೆ ಗಂಟೆ ಕಾಯಬೇಕು.

ಪ್ರಶ್ನೆ: ಹಾಗಾದ್ರೆ ದೂರ ಕಡಿಮೆ ಇರೋ ದಾರಿಯೇ ಬೇಗ ಅಲ್ವಾ?

ಉತ್ತರ: ಯಾವಾಗಲೂ ಅಲ್ಲ. ನನ್ನ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ವಿಷಯವೇ ಇದು. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿಯ ಹೊಳೆ ಹರಿಯುತ್ತದೆ, ಜೆಟ್ ಸ್ಟ್ರೀಮ್ ಅಂತೀವಿ. ಗಾಳಿ ಬೆನ್ನಿಗಿದ್ದರೆ 900 ಹೋಗುವ ವಿಮಾನ ನೆಲದ ಲೆಕ್ಕದಲ್ಲಿ ಸಾವಿರ ದಾಟುತ್ತದೆ. ಎದುರಿದ್ದರೆ 800ಕ್ಕೆ ಇಳಿಯಬಹುದು. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಪಶ್ಚಿಮದ ಅಟ್ಲಾಂಟಿಕ್ ದಾರಿ ಬಿಟ್ಟು, ಗಾಳಿ ಬೆನ್ನಿಗಿರುವ ಹಾಗೆ ಪೂರ್ವಕ್ಕೆ ಪೆಸಿಫಿಕ್ ಮೇಲೆ ಹಾರಿಸಿತು. ದೂರ 13,900ರಿಂದ 15,300 ಕಿ.ಮೀ.ಗೆ ಏರಿತು. ಆದರೂ ಸುಮಾರು ಹದಿನಾಲ್ಕೂವರೆ ಗಂಟೆಗೆ ಮುಟ್ಟಿತು, ಮೊದಲಿಗಿಂತ ಬೇಗ!

ವಾಯುಪ್ರದೇಶದ ತೊಡಕೂ ಇದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ಸುತ್ತು ಹಾಕಬೇಕಾಯಿತು.

ಪ್ರಶ್ನೆ: ಅಮ್ಮನಿಗೆ ಸಕ್ಕರೆ ಕಾಯಿಲೆ, ಮಂಡಿ ನೋವು ಬೇರೆ. ಏನು ಮಾಡಲಿ?

ಉತ್ತರ: ವ್ಹೀಲ್‌ಚೇರ್ ಈಗಲೇ ಟಿಕೆಟ್‌ಗೆ ಸೇರಿಸಿ. ಫ್ರಾಂಕ್‌ಫರ್ಟ್ ದೊಡ್ಡ ನಿಲ್ದಾಣ, ಎರಡೂವರೆ ಗಂಟೆಯಲ್ಲಿ ಅವರೊಬ್ಬರೇ ಓಡಾಡೋದು ಕಷ್ಟ. ಮಾತ್ರೆ, ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ಯಾವ ಹೊತ್ತಿಗೆ ಔಷಧಿ ಅನ್ನೋದನ್ನು ಡಾಕ್ಟರ್ ಹತ್ತಿರ ಕೇಳಿ ಬರೆಸಿಕೊಳ್ಳಿ. ಗಡಿಯಾರ ಬದಲಾದಾಗ ಹಿರಿಯರಿಗೆ ಗೊಂದಲ ಆಗೋದು ಅಲ್ಲೇ.

ಪ್ರಶ್ನೆ: ವಾಪಸ್ ಸೋಮವಾರ ಮಧ್ಯಾಹ್ನ 2.30ಕ್ಕೆ ಅಲ್ಲಿಂದ ಹೊರಡ್ತಾರೆ. ಅದೂ 24 ಗಂಟೆ. ಮಂಗಳವಾರ ಮಧ್ಯಾಹ್ನ ಕಾರು ಹೇಳಲಾ?

ಉತ್ತರ: ಬೇಡ ಬೇಡ. ಅಲ್ಲಿ ಮಂಗಳವಾರ ಮಧ್ಯಾಹ್ನ 2.30 ಅಂದ್ರೆ ನಮಗೆ ಬುಧವಾರ ಬೆಳಗಿನ ಜಾವ 3. ಮಂಗಳವಾರ ರಾತ್ರಿ ಊಟ ಮುಗಿಸಿ ಹೊರಡಿ, ಸರಿಹೋಗುತ್ತದೆ.