ಪದಚರ್ಚೆ: ‘ಟವರ್ ಲೊಕೇಶನ್’, ‘ಸ್ವಿಚ್ ಆಫ್ ಮಾಡಿದ್ದ’, ‘ಟವರ್ ಡಂಪ್’ ಇವಕ್ಕೆ ಏನಂತ ಬರೀಬೇಕು?

ಎಲ್ರಿಗೂ ನಮಸ್ಕಾರ. ವರ್ಷಗಟ್ಟಲೆ ಪತ್ತೆಯಾಗದೆ ಉಳಿದ ಕೊಲೆ ಕೇಸುಗಳಲ್ಲಿ ಮೊಬೈಲ್ ಯಾವ ಥರ ಸುಳಿವು ಕೊಡುತ್ತೆ ಅನ್ನೋದರ ಬಗ್ಗೆ ಒಂದು ಲೇಖನ ಬರೀತಿದೀನಿ, ಕೆಲವು ಕಡೆ ಪದ ಸರಿಯಾಗಿ ಕೂರ್ತಿಲ್ಲ, ಗೊತ್ತಿರೋರು ದಯವಿಟ್ಟು ಹೇಳಿ.

ಮೊದಲನೇದು ‘ಟವರ್ ಲೊಕೇಶನ್’. ‘ಟವರ್ ಲೊಕೇಶನ್ ಪ್ರಕಾರ ಆರೋಪಿ ಕೊಲೆ ನಡೆದ ಸ್ಥಳದಲ್ಲೇ ಇದ್ದ’ ಅಂತ ಸಲೀಸಾಗಿ ಬರೆದುಬಿಡ್ತಾರೆ. ಆದ್ರೆ ಮೊಬೈಲ್ ಕಂಪನಿಯೋರು ಕೊಡೋ ಸಿಡಿಆರ್‌ನಲ್ಲಿ (ಕಾಲ್‌ಗಳ ವಿವರದ ದಾಖಲೆ) ಫೋನಿದ್ದ ಸ್ಥಳ ಅನ್ನೋದೇ ಇರಲ್ಲ. ಅದರ ಒಂದು ಸಾಲು ನೋಡಿದ್ರೆ ಯಾವ ನಂಬರಿಂದ ಯಾವ ನಂಬರಿಗೆ, ಎಷ್ಟೊತ್ತಿಗೆ, ಎಷ್ಟು ಸೆಕೆಂಡು, ಹ್ಯಾಂಡ್‌ಸೆಟ್ಟಿನ ಐಎಂಇಐ (ಆ ಹ್ಯಾಂಡ್‌ಸೆಟ್ಟಿನದೇ ಗುರುತಿನ ಸಂಖ್ಯೆ), ಆಮೇಲೆ ಕಾಲ್ ಶುರುವಾದಾಗಿನ ಸೆಲ್ ಐಡಿ, ಮುಗಿದಾಗಿನ ಸೆಲ್ ಐಡಿ, ಹೆಚ್ಚುಕಮ್ಮಿ ಇಷ್ಟೇ. ಆ ಸೆಲ್ ಐಡಿ ಅನ್ನೋದು ಟವರಿನ ಒಂದು ಮುಖದ್ದು, ಸಾಮಾನ್ಯವಾಗಿ ಒಂದು ಟವರಿಗೆ ಮೂರು ಮುಖ, ಒಂದೊಂದು ಸುಮಾರು 120 ಡಿಗ್ರಿ ಅಗಲಕ್ಕೆ ಸಿಗ್ನಲ್ ಚೆಲ್ಲುತ್ತೆ, ದಟ್ಟ ಊರಲ್ಲಿ ಅದು ಕೆಲವು ನೂರು ಮೀಟರ್ ಇದ್ರೆ ಬಯಲು ಸೀಮೆಯಲ್ಲಿ ಹಳೇ 2ಜಿ ಟವರಿನದು 35 ಕಿ.ಮೀ. ತನಕ ಹೋಗಬಹುದು. ಅಲ್ದೆ ಫೋನು ಯಾವಾಗ್ಲೂ ಹತ್ತಿರದ ಟವರನ್ನೇ ಹಿಡಿಯುತ್ತೆ ಅಂತೇನಿಲ್ಲ, ಕೂತ ಜಾಗದಿಂದ ಅಲ್ಲಾಡದೆ ಮಾತಾಡಿದ್ರೂ ಶುರುವಿನ ಐಡಿ ಒಂದು, ಕೊನೇದು ಇನ್ನೊಂದು ಬರಬಹುದು.

ಇದಕ್ಕೆ ‘ಸ್ಥಳ’ ಅಂದ್ರೆ ಇಲ್ಲದ ಖಾತ್ರಿ ಕೊಟ್ಟ ಹಾಗಾಗಲ್ವಾ? ‘ಆಸುಪಾಸು’ ಅಂದ್ರೆ ತೀರಾ ಹತ್ತಿರ ಅನ್ಸುತ್ತೆ, ‘ವ್ಯಾಪ್ತಿ’ ನಿಖರ ಆದ್ರೆ ಠಾಣೆ ವ್ಯಾಪ್ತಿ ನೆನಪಾಗುತ್ತೆ. ನಂಗೆ ‘ಟವರಿನ ಹರವು’ ಇಷ್ಟ: ‘ಫೋನು ಆ ಟವರಿನ ಹರವಿನೊಳಗೆ ಇತ್ತು’. ಗಮನಿಸಿ, ‘ಇತ್ತು’, ‘ಇದ್ದ’ ಅಲ್ಲ. ಫೋನ್ ಯಾರ ಕೈಲಿತ್ತು ಅನ್ನೋದನ್ನ ತನಿಖೆಯೋರು ಬೇರೆ ಸಾಬೀತು ಮಾಡಬೇಕು, ಕನ್ನಡದಲ್ಲಿ ಕ್ರಿಯಾಪದವೇ ಆ ವ್ಯತ್ಯಾಸ ಹೇಳುತ್ತೆ, ನಾವು ಯಾಕೆ ಅದನ್ನ ಬಿಟ್ಟುಕೊಡಬೇಕು. ಇದು ಬರೀ ಮಡಿವಂತಿಕೆ ಅನ್ನೋರಿಗೆ ಡೆನ್ಮಾರ್ಕ್ ನೆನಪಿಸ್ತೀನಿ: 2019ರಲ್ಲಿ ಅಲ್ಲಿನ ಪೊಲೀಸರ ಸಾಫ್ಟ್‌ವೇರು ಕಂಪನಿಗಳ ಡೇಟಾ ಪರಿವರ್ತಿಸುವಾಗ ಒಂದಷ್ಟನ್ನ ಬಿಟ್ಟುಬಿಡ್ತಿತ್ತು ಅಂತ ಗೊತ್ತಾಗಿ, ಎರಡು ತಿಂಗಳು ಆ ಡೇಟಾನ ಕೋರ್ಟಲ್ಲಿ ಬಳಸೋದನ್ನೇ ನಿಲ್ಲಿಸಿದ್ರು, 10,000ಕ್ಕೂ ಹೆಚ್ಚು ಕೇಸು ಮತ್ತೆ ನೋಡಬೇಕಾಯ್ತು.

ಎರಡನೇದು ‘ಕೊಲೆ ಹೊತ್ತಿಗೆ ಸರಿಯಾಗಿ ಫೋನ್ ಆಫ್ ಮಾಡಿದ್ದ’. ಇಲ್ಲೂ ಅದೇ ಕಥೆ. 2022ರಲ್ಲಿ ಅಮೆರಿಕದ ಐಡಹೊದಲ್ಲಿ ನಾಲ್ಕು ಜನ ವಿದ್ಯಾರ್ಥಿಗಳ ಕೊಲೆ ಆಯ್ತಲ್ಲ, ಅದರಲ್ಲಿ ಆರೋಪಿ ಫೋನು ಬೆಳಗಿನ ಜಾವ 2:47ರಿಂದ 4:48ರ ತನಕ ನೆಟ್‌ವರ್ಕಿಗೇ ಸಿಕ್ಕಿರಲಿಲ್ಲ. ತನಿಖಾಧಿಕಾರಿ ಕೋರ್ಟಿಗೆ ಕೊಟ್ಟ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಮೂರು ಸಾಧ್ಯತೆ ಹೇಳಿದ್ರು, ಸಿಗ್ನಲ್ ಇಲ್ಲದ ಜಾಗ, ಏರೋಪ್ಲೇನ್ ಮೋಡ್ ಥರ ಸಂಪರ್ಕ ಕಡಿದಿರೋದು, ಇಲ್ಲಾ ಪೂರ್ತಿ ಆಫ್. (ಆತ 2025ರಲ್ಲಿ ತಪ್ಪೊಪ್ಪಿಕೊಂಡ, ಅದು ಬೇರೆ ಮಾತು.) ಬಟನ್ ಒತ್ತಿ ಆಫ್ ಮಾಡಿದ್ರೆ ಫೋನು ಸಾಮಾನ್ಯವಾಗಿ ‘ನಾನು ಹೊರಟೆ’ ಅಂತ ನೆಟ್‌ವರ್ಕಿಗೆ ಒಂದು ಸಂದೇಶ ಕಳಿಸಿ ಹೋಗುತ್ತೆ, ಬ್ಯಾಟರಿ ಕಿತ್ತುಹಾಕಿದ್ರೆ ಅಥವಾ ಸಿಗ್ನಲ್ ಹೋದ್ರೆ ಕಳಿಸಲ್ಲ. ಆದ್ರೆ ಆ ಸಂದೇಶ ಇದ್ರೂ ಬೆರಳು ಯಾರದು ಅಂತ ಅದು ಹೇಳಲ್ಲ, ಚಾರ್ಜ್ ಮುಗಿದು ತಾನಾಗೇ ಆಫ್ ಆದಾಗ್ಲೂ ಹೋಗಬಹುದು. ಹಾಗಾಗಿ ಸುದ್ದಿಯಲ್ಲಿ ‘ಮಾಡಿದ್ದ’ ಬದಲು ‘ಆಗಿತ್ತು’, ಇನ್ನೂ ಸರಿಯಾಗಿ ಹೇಳಬೇಕಂದ್ರೆ ‘ಸಂಪರ್ಕ ತಪ್ಪಿತ್ತು’ ಅನ್ನೋದೇ ಸೂಕ್ತ ಅಂತ ನನ್ನ ವಾದ.

ಇನ್ನು ‘ಸಾಕ್ಷಿ’. ಮೊಬೈಲ್ ಸಾಕ್ಷಿ ಅಂತ ಧಾರಾಳವಾಗಿ ಬಳಸ್ತೀವಿ, ಆದ್ರೆ ಸಾಕ್ಷಿ ಅಂದ್ರೆ ಕಣ್ಣಾರೆ ಕಂಡೋನು, ಫೋನಿಗೆ ‘ಸಾಕ್ಷ್ಯ’ ಅಥವಾ ‘ಕುರುಹು’ ಸಾಕು. ಹಳೇ ಕೇಸಲ್ಲಿ ಸಾಕ್ಷಿ ತೀರಿಹೋಗಿರ್ತಾನೆ ಇಲ್ಲಾ ಮರೆತಿರ್ತಾನೆ, ಕುರುಹು ಉಳಿದಿರುತ್ತೆ, ಅದೂ ಮೊದಲ ತನಿಖೆಯಲ್ಲೇ ಯಾರೋ ಪುಣ್ಯಾತ್ಮರು ದಾಖಲೆ ತರಿಸಿಟ್ಟಿದ್ರೆ ಮಾತ್ರ, ಕಂಪನಿಯೋರು ಅವಧಿ ಮುಗಿದ ಮೇಲೆ ಅಳಿಸಿಬಿಡ್ತಾರೆ. ಇನ್ನು ಫೋನೇ ಸಿಕ್ಕಿದ್ರೆ, ಆಗ ತೆಗೆಯಕ್ಕೆ ಆಗದ ಅದರ ಲಾಕ್ ಈಗಿನ ಟೂಲುಗಳಿಗೆ ಬಗ್ಗೋದೂ ಉಂಟು.

ನಿಜವಾಗ್ಲೂ ತಲೆ ಕೆಡಿಸಿರೋದು ‘ಟವರ್ ಡಂಪ್’. ಶಂಕಿತರೇ ಇಲ್ಲದ ಕೇಸಲ್ಲಿ, ಆ ಹೊತ್ತಲ್ಲಿ ಆ ಟವರಿಗೆ ಸಿಕ್ಕಿದ್ದ ಎಲ್ಲಾ ನಂಬರುಗಳನ್ನೂ ತರಿಸ್ತಾರೆ, ಒಂದೇ ಕೈಯಿಂದ ಎರಡು ಕೊಲೆ ಆಗಿರಬಹುದು ಅಂತ ಅನುಮಾನ ಇದ್ರೆ ಎರಡೂ ಕಡೆಯ ಪಟ್ಟಿ ತಾಳೆ ನೋಡಿ ಎರಡರಲ್ಲೂ ಇರೋ ನಂಬರು ಹುಡುಕ್ತಾರೆ. ಸಾವಿರಾರು ಜನರದ್ದು ಅದರಲ್ಲಿ ಬರುತ್ತೆ, ಬಹುತೇಕರಿಗೂ ಕೊಲೆಗೂ ಸಂಬಂಧ ಇರಲ್ಲ. ‘ಡಂಪ್’ ಅಂದ್ರೆ ಕಸ ಸುರಿದ ಹಾಗಿದೆ, ‘ಸಗಟು ಪಟ್ಟಿ’ ಅಂದ್ರೆ ವ್ಯಾಪಾರದ ವಾಸನೆ, ‘ಟವರ್ ಜಾಲಾಟ’ ಅಂದ್ರೆ ಪಟ್ಟಿಗಿಂತ ಹುಡುಕೋ ಕೆಲಸ ಆಗುತ್ತೆ. ಪೊಲೀಸ್ ವರದಿಗಳಲ್ಲಿ ಕನ್ನಡದಲ್ಲೇ ಬರೆಯೋರು ಇದಕ್ಕೆ ಏನಾದ್ರೂ ಬಳಸ್ತಿದಾರಾ, ಅಥವಾ ‘ಟವರ್ ಡಂಪ್’ ಅಂತ್ಲೇ ಇಟ್ಟು ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ವಿವರಿಸಿದ್ರೆ ಸಾಕಾ?